ಮುಧೋಳ ನಾಯಿಮರಿ: ಆರಿಸೋದು, ಪಳಗಿಸೋದು ಹೇಗೆ?

ಪ್ರಶ್ನೆ: ತೋಟಕ್ಕೆ ಮುಧೋಳ ಮರಿ ತರಬೇಕು. ಏನು ನೋಡಬೇಕು? ಕರೆದರೆ ಬರೋ ಹಾಗೆ ಕಲಿಸೋದು ಹೇಗೆ?

ಉತ್ತರ 1: 8 ವಾರ ತುಂಬದ ಮರಿ ಬೇಡ. ಮೊದಲು ತಾಯಿನ ನೋಡಿ. ಅದು ಹೊಸಬರನ್ನ ಕಂಡು ಮೂಲೆ ಸೇರಿದ್ರೆ ಆ ಮರಿ ಬಿಟ್ಟುಬಿಡಿ, ಪುಕ್ಕಲುತನ ಇಳಿದು ಬರುತ್ತೆ. ಹೊಟ್ಟೆ ಉಬ್ಬಿದ್ರೆ ಜಂತುಹುಳು ಇರಬಹುದು.

ಉತ್ತರ 2: 10 ಮೀಟರ್ ಹಗ್ಗ ಕಟ್ಟಿ ಬಿಡಿ. ಹೆಸರು ಒಂದೇ ಸಲ ಕರೀರಿ, ಬಂದ ತಕ್ಷಣ ಬೇಯಿಸಿದ ಕೋಳಿ ಚೂರು ಕೊಡಿ. ತಡವಾಗಿ ಬಂತು ಅಂತ ಬೈದ್ರೆ ಮುಂದೆ ಬರೋದೇ ಇಲ್ಲ. ಇದು ಕಣ್ಣಿಂದ ಬೇಟೆಯಾಡೋ ತಳಿ, ಏನಾದ್ರೂ ಓಡಿದ್ರೆ ನಿಮ್ಮ ಕೂಗು ಕೇಳಿಸಲ್ಲ. ಬೇಲಿ ಇಲ್ಲದ ಕಡೆ ಬಿಚ್ಚಲೇಬೇಡಿ. ತಲೆ ಸಣ್ಣದು, ಮಾಮೂಲಿ ಕತ್ತಿನ ಪಟ್ಟಿ ಜಾರುತ್ತೆ, ಅಗಲವಾದ ಪಟ್ಟಿ ಹಾಕಿ.

ಉತ್ತರ 3: ಮೊಲದ ಮೇಲೆ ಬಿಡಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬದಲಿಗೆ ಹಗ್ಗದ ತುದಿಗೆ ಬಟ್ಟೆ ಕಟ್ಟಿ ಎಳೆದು ಅಟ್ಟಿಸಿ. ಅದೂ ವರ್ಷ ತುಂಬಿದ ಮೇಲೆ, ಅಲ್ಲಿವರೆಗೂ ಜೋರು ಓಟ ಬೇಡ, ಮೂಳೆ ಬಲಿತಿರಲ್ಲ.