ಕನ್ಸೋಲ್, ಗೇಮ್ ಬೆಲೆ ಏರುತ್ತಲೇ ಇದೆ, ಇದು ನ್ಯಾಯವಾ? ಗೇಮ್ ಪ್ರೊಡ್ಯೂಸರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನೀವು ಗೇಮ್ ಸ್ಟುಡಿಯೋದಲ್ಲಿ ಪ್ರೊಡ್ಯೂಸರ್, ಬಜೆಟ್ ನೋಡಿಕೊಳ್ಳುವವರು ಅಂತ ಹೇಳಿದ್ದಿರಿ, ಅದಕ್ಕೇ ನೇರವಾಗಿ ಕೇಳುತ್ತಿದ್ದೇನೆ. ಮೊದಲೆಲ್ಲ ಎರಡು ಮೂರು ವರ್ಷ ಕಾದರೆ ಕನ್ಸೋಲ್, ಅಂದರೆ ಗೇಮ್ ಆಡುವ ಯಂತ್ರ, ಅಗ್ಗ ಆಗುತ್ತಿತ್ತು. ಅದನ್ನೇ ನಂಬಿಕೊಂಡು ಸೋನಿಯ ಪ್ಲೇಸ್ಟೇಷನ್ 5 ತೆಗೆದುಕೊಳ್ಳದೆ ಕಾದೆ. ಈಗ ನೋಡಿದರೆ 2020ರಲ್ಲಿ ಬಂದ ದಿನಕ್ಕಿಂತ ಬೆಲೆ ಜಾಸ್ತಿ ಆಗಿದೆ! ಗೇಮ್‌ಗಳೂ 60 ಡಾಲರ್‌ನಿಂದ 70 ಆಗಿ, ಈಗ ಕೆಲವು 80ಕ್ಕೆ ಬಂದಿವೆ. ಇದಕ್ಕೆ ನಿಜವಾದ ಕಾರಣ ಇದೆಯಾ, ಇಲ್ಲಾ ಜನ ಕೊಡುತ್ತಾರೆ ಅಂತ ಸುಮ್ನೆ ಏರಿಸುತ್ತಿದ್ದಾರಾ?

ಉತ್ತರ: ಎರಡನ್ನೂ ಬೇರೆ ಬೇರೆ ಮಾಡಿ ನೋಡೋಣ ಸರ್. ಕನ್ಸೋಲ್ ಬೆಲೆ ಏರಿದ್ದಕ್ಕೆ ಅರ್ಧಕ್ಕಿಂತ ಜಾಸ್ತಿ ಕಾರಣ ನಿಜ. ಗೇಮ್ ವಿಷಯದಲ್ಲಿ ಖರ್ಚು ಏರಿದ್ದು ನಿಜ, ಆದರೆ ಅದನ್ನು ನಿಮ್ಮ ತಲೆಗೆ ಕಟ್ಟುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಕನ್ಸೋಲ್. ನೀವು ಕಾದಿದ್ದು ತಪ್ಪೇನಲ್ಲ, ಹಿಂದೆ ಹಾಗೇ ನಡೆಯುತ್ತಿತ್ತು. ಅಮೆರಿಕದ ಬೆಲೆ ಹೇಳುತ್ತೇನೆ, ಹೋಲಿಸಲು ಸುಲಭ. ಪ್ಲೇಸ್ಟೇಷನ್ 2 ಅಲ್ಲಿ 2000ದಲ್ಲಿ 299 ಡಾಲರ್‌ಗೆ ಬಂತು, 2002ಕ್ಕೆ 199 ಆಯಿತು, 2009ಕ್ಕೆ 99. ಪ್ಲೇಸ್ಟೇಷನ್ 3 ಬಂದಾಗ 499 ಮತ್ತು 599 ಇತ್ತು, ಮೂರೇ ವರ್ಷದಲ್ಲಿ 299ಕ್ಕೆ ಇಳಿಯಿತು. ಆಗ ಬೆಲೆ ಇಳಿಯಲು ಮುಖ್ಯ ಕಾರಣ ಚಿಪ್. ಸಿಲಿಕಾನ್ ವೇಫರ್ ಅಂದರೆ ಚಿಪ್‌ಗಳನ್ನು ಕತ್ತರಿಸಿ ತೆಗೆಯುವ ಒಂದು ದುಂಡನೆಯ ತೆಳು ಬಿಲ್ಲೆ. ಚಿಪ್ ಚಿಕ್ಕದಾದಷ್ಟೂ ಒಂದು ಬಿಲ್ಲೆಯಲ್ಲಿ ಜಾಸ್ತಿ ಚಿಪ್ ಸಿಗುತ್ತವೆ. ಚಿಕ್ಕ ಚಿಪ್ ಕರೆಂಟ್ ಕಡಿಮೆ ತಿನ್ನುತ್ತದೆ, ಕಡಿಮೆ ಬಿಸಿಯಾಗುತ್ತದೆ. ಆಗ ಫ್ಯಾನ್ ಚಿಕ್ಕದು ಸಾಕು, ಪವರ್ ಸಪ್ಲೈ ಚಿಕ್ಕದು ಸಾಕು, ಡಬ್ಬವೂ ಚಿಕ್ಕದಾಗುತ್ತದೆ, ಒಂದು ಹಡಗಿನಲ್ಲಿ ಜಾಸ್ತಿ ಡಬ್ಬ ಹಿಡಿಸುತ್ತವೆ. ಒಂದು ಕಡೆ ಉಳಿಸಿದರೆ ಹತ್ತು ಕಡೆ ಉಳಿಯುತ್ತಿತ್ತು.

ಆ ದಾರಿ ಈಗ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಪ್ಲೇಸ್ಟೇಷನ್ 5 ಮತ್ತು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರ ಚಿಪ್ಪನ್ನೂ ವಿನ್ಯಾಸ ಮಾಡಿದ್ದು ಎಎಂಡಿ, ತಯಾರಿಸುವುದು ತೈವಾನಿನ ಟಿಎಸ್‌ಎಂಸಿ. ಚಿಪ್ ಇನ್ನೂ ಕುಗ್ಗಿಸಬಹುದು, ಆದರೆ ಹೊಸ ವಿಧಾನದ ವೇಫರ್ ಬೆಲೆ ಎಷ್ಟು ಏರಿದೆ ಅಂದರೆ ಚಿಪ್ ಚಿಕ್ಕದಾಗಿ ಉಳಿದ ದುಡ್ಡೆಲ್ಲ ವೇಫರ್‌ಗೇ ಹೋಗುತ್ತದೆ. ನಾನು ಒಮ್ಮೆ ಕೆಟ್ಟುಹೋದ ಪ್ಲೇಸ್ಟೇಷನ್ 5 ಬಿಚ್ಚಿ ಮೇಜಿನ ಮೇಲೆ ಹರವಿ ನೋಡಿದ್ದೆ. ಚಿಪ್ ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಅದನ್ನು ತಣ್ಣಗಿಡುವ ಹೀಟ್ ಸಿಂಕ್ ಮಾತ್ರ ಎರಡು ಕೈಯಲ್ಲಿ ಎತ್ತಬೇಕು! ನಡುವೆ ಶಾಖ ಸಾಗಿಸಲು ಸಾಮಾನ್ಯ ಪೇಸ್ಟ್ ಕೂಡ ಅಲ್ಲ, ಲಿಕ್ವಿಡ್ ಮೆಟಲ್ ಹಾಕಿದ್ದಾರೆ. ಆ ಲೋಹದ ರಾಶಿಯನ್ನು ಕೈಯಲ್ಲಿ ಹಿಡಿದಾಗ ಬೆಲೆ ಯಾಕೆ ಇಳಿಯುತ್ತಿಲ್ಲ ಅನ್ನುವುದು ಅರ್ಥವಾಗುತ್ತದೆ.

ಇದರ ಮೇಲೆ ಮೆಮೊರಿ. ಎರಡೂ ಕನ್ಸೋಲ್‌ಗಳಲ್ಲಿ 16 ಜಿಬಿ ಮೆಮೊರಿ ಇದೆ, ಜೊತೆಗೆ ಗೇಮ್ ತುಂಬಿಡುವ ಎಸ್‌ಎಸ್‌ಡಿ. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳಲು ಶುರುಮಾಡಿ ಅದರ ಬೆಲೆ ಜೋರಾಗಿ ಏರಿತು. ಅದೇ ವರ್ಷ ಅಮೆರಿಕ ಹಾಕಿದ ಆಮದು ಸುಂಕ ಬೇರೆ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಕಂಪನಿಗಳ ತಪ್ಪೇನೂ ಇಲ್ಲ ಅಂತೀರಾ ಮೇಡಂ?

ಉತ್ತರ: ಹಾಗೆ ಹೇಳಲಿಲ್ಲ ಸರ್, ಅರ್ಧಕ್ಕಿಂತ ಜಾಸ್ತಿ ಅಂದೆ, ಪೂರ್ತಿ ಅನ್ನಲಿಲ್ಲ. 499 ಡಾಲರ್‌ನ ಪ್ಲೇಸ್ಟೇಷನ್ 5ನ್ನು ಇನ್ನು ನಷ್ಟಕ್ಕೆ ಮಾರುತ್ತಿಲ್ಲ ಅಂತ 2021ರಲ್ಲೇ ಸೋನಿ ಹೇಳಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಯುರೋಪ್, ಜಪಾನ್ ಮತ್ತು ಇನ್ನೂ ಹಲವು ಕಡೆ ಬೆಲೆ ಏರಿಸಿದರು, ಅಮೆರಿಕದಲ್ಲಿ ಮಾತ್ರ ಮುಟ್ಟಲಿಲ್ಲ. ಆಗ ಹಣದುಬ್ಬರ ಮತ್ತು ಕರೆನ್ಸಿ ಕಾರಣ ಕೊಟ್ಟರು, ಒಪ್ಪೋಣ. 2025ರಲ್ಲಿ ಅಮೆರಿಕದಲ್ಲೂ 50 ಡಾಲರ್ ಏರಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅದೇ ವರ್ಷ ಎರಡು ಸಲ ಏರಿ 499ರಿಂದ 649ಕ್ಕೆ ಹೋಯಿತು. ನನಗೆ ಒಪ್ಪಲು ಆಗದೇ ಇದ್ದದ್ದು ಹಳೆಯ ನಿಂಟೆಂಡೊ ಸ್ವಿಚ್. 2017ರ ಯಂತ್ರ ಅದು. ಹೊಸ ಸ್ವಿಚ್ 2 ಮಾರುಕಟ್ಟೆಗೆ ಬಂದ ಮೇಲೆ, 2025ರ ಆಗಸ್ಟ್‌ನಲ್ಲಿ, ಹಳೆಯದನ್ನು 299ರಿಂದ 339ಕ್ಕೆ ಏರಿಸಿದರು. ಎಂಟು ವರ್ಷ ಮಾರಿ ಲಾಭ ಮಾಡಿದ ಯಂತ್ರದ ಸುಂಕವನ್ನು ಕಂಪನಿಯೇ ಹೊತ್ತುಕೊಳ್ಳಬಹುದಿತ್ತು. ಹಳೇ ಕನ್ಸೋಲ್ ಕೊಳ್ಳುವುದು ಹೊಸದಕ್ಕೆ ದುಡ್ಡಿಲ್ಲದವರು ಅಲ್ವಾ? ಅವರ ಮೇಲೆ ಭಾರ ಹಾಕಬಾರದಿತ್ತು.

ಪ್ರಶ್ನೆ (ಇನ್ನೊಬ್ಬರು): 2005ರ 60 ಡಾಲರ್ ಅಂದರೆ ಈಗಿನ ಸುಮಾರು 100 ಡಾಲರ್, ಹಾಗಾಗಿ 80 ಕೂಡ ಅಗ್ಗವೇ ಅಂತ ತುಂಬಾ ಜನ ವಾದ ಮಾಡುತ್ತಾರಲ್ಲ. ನಿಮ್ಮ ಅಭಿಪ್ರಾಯ?

ಉತ್ತರ: ಲೆಕ್ಕ ಸರಿ ಇದೆ. ಅಮೆರಿಕದ ಹಣದುಬ್ಬರ ಹಿಡಿದರೆ ಅಷ್ಟೇ ಬರುತ್ತದೆ. ನಮ್ಮ ಮೀಟಿಂಗ್‌ಗಳಲ್ಲೂ ಇದನ್ನೇ ಹೇಳುತ್ತಾರೆ, ನಾನೂ ಒಂದು ಕಾಲದಲ್ಲಿ ಹೇಳಿದ್ದೇನೆ. ಆಮೇಲೆ ಇದರಲ್ಲಿ ಒಂದು ಭಾಗ ಬಿಟ್ಟುಹೋಗಿದೆ ಅಂತ ಗೊತ್ತಾಯಿತು.

ತೊಂಬತ್ತರ ದಶಕದಲ್ಲಿ ಹಲವು ಗೇಮ್‌ಗಳು ಕಾರ್ಟ್ರಿಜ್‌ನಲ್ಲಿ ಬರುತ್ತಿದ್ದವು. ಒಳಗೆ ನಿಜವಾದ ಚಿಪ್. ಗೇಮ್ ಮಾಡಿದವರು ಅದಕ್ಕೆ ಮುಂಚೆಯೇ ದುಡ್ಡು ಕೊಟ್ಟು ತಯಾರು ಮಾಡಿಸಬೇಕಿತ್ತು, ಮಾರಾಟ ಆಗದೆ ಉಳಿದರೆ ಕೈಯಿಂದ ಹೋಯಿತು. ಆಗಲೂ ಕೆಲವು ಕಾರ್ಟ್ರಿಜ್‌ಗಳಿಗೆ 70, 80 ಡಾಲರ್ ಇತ್ತು. ಆಮೇಲೆ ಡಿಸ್ಕ್ ಬಂತು, ಆ ಖರ್ಚು ಇಳಿಯಿತು. ಈಗ ಡೌನ್‌ಲೋಡ್. ಡಿಸ್ಕ್ ಇಲ್ಲ, ಡಬ್ಬ ಇಲ್ಲ, ಲಾರಿ ಇಲ್ಲ, ಗೋದಾಮು ಇಲ್ಲ, ವಾಪಸ್ ಬರುವ ಮಾಲೂ ಇಲ್ಲ. ಆ ಉಳಿತಾಯ ಹೆಚ್ಚಾಗಿ ಕೊಳ್ಳುವವರ ಕೈಗೆ ಬರಲಿಲ್ಲ. ಹೆಚ್ಚಿನ ಕಡೆ ಡಿಸ್ಕಿಗೆ ಎಷ್ಟೋ ಡೌನ್‌ಲೋಡ್‌ಗೂ ಅಷ್ಟೇ. ಮೇಲಿಂದ, 2005ರಲ್ಲಿ 60 ಕೊಟ್ಟವರು ಆಡಿ ಮುಗಿಸಿ ಮಾರುತ್ತಿದ್ದರು, ಗೆಳೆಯರಿಗೆ ಕೊಡುತ್ತಿದ್ದರು. ಡೌನ್‌ಲೋಡ್ ಮಾಡಿದ್ದನ್ನು ನೀವು ಯಾರಿಗೂ ಮಾರಲು ಆಗುವುದಿಲ್ಲ. 60 ಕೊಟ್ಟು ಆಮೇಲೆ 25ಕ್ಕೆ ಮಾರಿದರೆ ನಿಮಗೆ ಬಿದ್ದದ್ದು 35. ಈಗ 80 ಕೊಟ್ಟರೆ 80 ಪೂರ್ತಿ ಹೋಯಿತು. ಅದರ ಮೇಲೆ ಮುಂದೆ ಬರುವ ಭಾಗಗಳಿಗೆ ಮೊದಲೇ ದುಡ್ಡು ಕಟ್ಟುವ ಸೀಸನ್ ಪಾಸ್, ಗೇಮ್ ಒಳಗೇ ಅಂಗಡಿ, ಮೂರು ದಿನ ಮೊದಲೇ ಆಡಬೇಕಾದರೆ ಜಾಸ್ತಿ ಬೆಲೆಯ ಎಡಿಷನ್. ಹಣದುಬ್ಬರದ ಲೆಕ್ಕ ಹೇಳುವವರು ಇದನ್ನೂ ಸೇರಿಸಿ ಹೇಳಲಿ ಅನ್ನುವುದು ನನ್ನ ಮಾತು.

ಪ್ರಶ್ನೆ (ಮೊದಲು ಕೇಳಿದವರು): ಗೇಮ್ ಮಾಡುವ ಖರ್ಚು ನಿಜವಾಗಿ ಅಷ್ಟೊಂದಾ? ಎಲ್ಲಿ ಹೋಗುತ್ತದೆ ಆ ದುಡ್ಡು?

ಉತ್ತರ: ಸಂಬಳಕ್ಕೆ ಸರ್. ಹೆಚ್ಚುಕಡಿಮೆ ಎಲ್ಲಾ ಸಂಬಳಕ್ಕೇ. 2023ರಲ್ಲಿ ಅಮೆರಿಕದ ಕೋರ್ಟಿಗೆ ಸೋನಿ ಕೊಟ್ಟ ಒಂದು ಕಾಗದದಲ್ಲಿ ಅಂಕಿಗಳ ಮೇಲೆ ಮಾರ್ಕರ್ ಎಳೆದಿದ್ದರು, ಆದರೂ ಓದಲು ಆಗುತ್ತಿತ್ತು. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಗೇಮ್ ಮಾಡಲು ಸುಮಾರು 22 ಕೋಟಿ ಡಾಲರ್ ಆಗಿತ್ತು, ಸುಮಾರು 200 ಜನ ದುಡಿದಿದ್ದರು. ನಮ್ಮ ಲೈನಲ್ಲಿ ಇರುವವರಿಗೆ ಅದು ಆಶ್ಚರ್ಯ ಅಲ್ಲ. ನಾವು ಬಜೆಟ್ ಹಾಕುವುದೇ ಹಾಗೆ, ಎಷ್ಟು ಜನ, ಎಷ್ಟು ತಿಂಗಳು, ಒಬ್ಬರಿಗೆ ತಿಂಗಳಿಗೆ ಎಷ್ಟು, ಗುಣಿಸು. ಒಬ್ಬರಿಗೆ ಸಂಬಳ, ಜಾಗ, ಕಂಪ್ಯೂಟರ್ ಎಲ್ಲ ಸೇರಿ 10,000 ಡಾಲರ್ ಅಂತ ಹಿಡಿದರೂ 200 ಜನಕ್ಕೆ ವರ್ಷಕ್ಕೆ 2.4 ಕೋಟಿ ಆಯಿತು. ಐದು ವರ್ಷ ಎಳೆದರೆ 12 ಕೋಟಿ. ಜಾಹೀರಾತು ಬೇರೆ.

ಒಂದು ಸಣ್ಣ ಉದಾಹರಣೆ ಹೇಳುತ್ತೇನೆ, ನಾನೇ ಶೆಡ್ಯೂಲ್ ಮಾಡಿದ್ದು. ಒಂದು ಗೇಮ್‌ನಲ್ಲಿ ಏಣಿ ಬೇಕು ಅಂತ ಡಿಸೈನರ್ ಕೇಳಿದರು. ಏಣಿ ತಾನೇ, ಒಂದು ವಾರ ಅಂತ ಬರೆದುಕೊಂಡೆ. ಮೊದಲು ಹತ್ತುವ ಅನಿಮೇಷನ್, ಇಳಿಯುವ ಅನಿಮೇಷನ್, ಕೊನೆ ಮೆಟ್ಟಿಲಿಂದ ಮೇಲಿನ ನೆಲಕ್ಕೆ ಕಾಲಿಡುವುದು, ಮೇಲಿಂದ ತಿರುಗಿ ಏಣಿ ಹಿಡಿಯುವುದು. ಕಬ್ಬಿಣದ ಏಣಿಗೆ ಒಂದು ಸದ್ದು, ಮರದ ಏಣಿಗೆ ಇನ್ನೊಂದು. ಅರ್ಧಕ್ಕೆ ಹತ್ತಿದಾಗ ಗುಂಡು ಬಿದ್ದರೆ ಹೇಗೆ ಬೀಳಬೇಕು? ಕೆಳಗಿಂದ ಶತ್ರು ಹತ್ತಿ ಬಂದರೆ? ಇಬ್ಬರೂ ನಡುವೆ ಎದುರಾದರೆ? ನಾಯಕನ ಜೊತೆ ಒಂದು ನಾಯಿ ಇತ್ತು, ಅದು ಏಣಿ ಹತ್ತುವುದಿಲ್ಲ, ಅದಕ್ಕೆ ಸುತ್ತಿ ಬರುವ ದಾರಿ ಮಾಡಬೇಕಾಯಿತು. ಆ ದಾರಿ ಮಾಡಲು ಒಂದು ಗೋಡೆ ಒಡೆದರು, ಗೋಡೆ ಒಡೆದದ್ದಕ್ಕೆ ಅಲ್ಲಿನ ಬೆಳಕೆಲ್ಲ ಮತ್ತೆ ಹೊಂದಿಸಬೇಕಾಯಿತು, ಅಷ್ಟೊತ್ತಿಗೆ ಟೆಸ್ಟಿಂಗ್‌ನವರು ಮಳೆ ಬರುವಾಗ ಏಣಿ ಹತ್ತಿದರೆ ಪಾತ್ರ ನೆಲದೊಳಗೆ ಹೋಗುತ್ತದೆ ಅಂತ ಬಗ್ (ದೋಷ) ಬರೆದು ಕಳಿಸಿದರು. ಒಂದು ವಾರದ ಕೆಲಸ ಎರಡು ತಿಂಗಳಿಗೆ ಮುಗಿಯಿತು. ಆರು ಜನ ಅದರಲ್ಲಿ ಕೈಯಾಡಿಸಿದ್ದರು. ಆಡುವವರು ಅದನ್ನು ನಾಲ್ಕು ಸೆಕೆಂಡಿನಲ್ಲಿ ಹತ್ತಿ ಮುಂದೆ ಹೋಗುತ್ತಾರೆ. ಹಾಗೆ ಹೋಗಬೇಕು ಅಂತಲೇ ನಾವು ಮಾಡಿದ್ದು, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಪ್ರಶ್ನೆ (ಇನ್ನೊಬ್ಬರು): ಅಕ್ಕ, ಹಾಗಾದರೆ ಜಾಸ್ತಿ ಕೊಟ್ಟರೆ ಆ ಆರು ಜನಕ್ಕೆ ಸೇರುತ್ತೆ ಅಲ್ವಾ? ಹಾಗಿದ್ದರೆ ನಾನು ಖುಷಿಯಿಂದ ಕೊಡುತ್ತೇನೆ.

ಉತ್ತರ: ನಿನ್ನ ಮನಸ್ಸು ದೊಡ್ಡದು ತಮ್ಮಾ, ಆದರೆ ಸೇರುವುದಿಲ್ಲ. ಅವರ ಸಂಬಳ ಗೇಮ್ ಬರುವ ಮೊದಲೇ ಕೊಟ್ಟಾಗಿರುತ್ತದೆ. ನೀನು ಕೊಟ್ಟ ದುಡ್ಡಿನಲ್ಲಿ ಡಿಜಿಟಲ್ ಸ್ಟೋರ್ ಸಾಮಾನ್ಯವಾಗಿ ಶೇಕಡಾ 30 ಹಿಡಿದುಕೊಳ್ಳುತ್ತದೆ, ಉಳಿದದ್ದು ಗೇಮ್ ಹೊರತರುವ ಪಬ್ಲಿಷರ್‌ಗೆ. ಎಲ್ಲೋ ಕೆಲವು ಕಡೆ ಬೋನಸ್ ಇದೆ, ಅಷ್ಟೇ. 70 ಡಾಲರ್ ಬೆಲೆ ಶುರುವಾದದ್ದು 2020ರಲ್ಲಿ. ಅದಾದ ಮೇಲೆ ಬಂದಿದ್ದು ಕೆಲಸ ಕಡಿತದ ವರ್ಷಗಳು. ಮೈಕ್ರೋಸಾಫ್ಟ್ ಒಂದೇ 2024ರ ಜನವರಿಯಲ್ಲಿ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಏಣಿಯ ಅನಿಮೇಷನ್ ಮಾಡಿದ ಹುಡುಗಿಯನ್ನು ಗೇಮ್ ಬಿಡುಗಡೆಯಾದ ಮೂರನೇ ವಾರ ಮನೆಗೆ ಕಳಿಸಿದರು. ಗೇಮ್ ಚೆನ್ನಾಗಿಯೇ ಹೋಗಿತ್ತು. ಆ ದಿನ ಅವಳ ಮೇಜು ಖಾಲಿ ಮಾಡಲು ಸಹಾಯ ಮಾಡಿದವಳು ನಾನು. ಬೆಲೆ ಏರಿಸಿದರೆ ಕೆಲಸಗಾರರು ಉಳಿಯುತ್ತಾರೆ ಅನ್ನುವ ಮಾತನ್ನು ಆಮೇಲೆ ನಾನು ನಂಬಿಲ್ಲ.

ಪ್ರಶ್ನೆ (ಇನ್ನೊಬ್ಬರು): ಖರ್ಚು ಬಂದರೆ ಬೆಲೆ ಏರಿಸಲೇಬೇಕಲ್ಲ? ಬೇರೆ ದಾರಿ ಏನಿದೆ?

ಉತ್ತರ: ಬೆಲೆ ಇಡುವ ಮೀಟಿಂಗ್‌ನಲ್ಲಿ ನಾನು ಕೂತಿದ್ದೇನೆ. ಅಷ್ಟೊತ್ತಿಗೆ ಖರ್ಚು ಆಗಿಹೋಗಿರುತ್ತದೆ. ಅಲ್ಲಿ ಮಾತಾಡುವುದು ಇಷ್ಟೇ, ಜನ ಎಷ್ಟರವರೆಗೆ ಕೊಡುತ್ತಾರೆ. ಇದಕ್ಕೆ ಎಲ್ಲರೂ ನೋಡಿದ ಸಾಕ್ಷಿ ಇದೆ. ದಿ ಔಟರ್ ವರ್ಲ್ಡ್ಸ್ 2 ಗೇಮ್‌ಗೆ 2025ರಲ್ಲಿ ಮೊದಲು 80 ಡಾಲರ್ ಅಂತ ಘೋಷಿಸಿದರು, ಜನ ಗಲಾಟೆ ಮಾಡಿದರು, ಬಿಡುಗಡೆಗೆ ಮೊದಲೇ 70ಕ್ಕೆ ಇಳಿಸಿದರು. ಅದನ್ನು ಮಾಡಿದ ಖರ್ಚು ಅಷ್ಟರಲ್ಲಿ ಹತ್ತು ಡಾಲರ್ ಕಡಿಮೆ ಆಯಿತಾ? ಇಲ್ಲವಲ್ಲ.

ಅದೇ ವರ್ಷ ಮಾರಿಯೋ ಕಾರ್ಟ್ ವರ್ಲ್ಡ್ 80 ಡಾಲರ್‌ಗೆ ಬಂತು, ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33 ಬಂದದ್ದು 50ಕ್ಕೆ, ಹಾಲೋ ನೈಟ್: ಸಿಲ್ಕ್‌ಸಾಂಗ್ 20ಕ್ಕೆ. ಎಕ್ಸ್‌ಪೆಡಿಷನ್ 33ರ ಮುಖ್ಯ ತಂಡ ಮೂವತ್ತು ಚಿಲ್ಲರೆ ಜನ, ಹೊರಗಿನವರ ಸಹಾಯ ಬೇರೆ. ಸಿಲ್ಕ್‌ಸಾಂಗ್ ತಂಡವಂತೂ ಬೆರಳಲ್ಲಿ ಎಣಿಸುವಷ್ಟು. ದೊಡ್ಡ ಗೇಮ್‌ಗಳು ಬೇಡ ಅಂತಲ್ಲ, ನಾನು ಜೀವನ ಮಾಡಿದ್ದೇ ಅವುಗಳಿಂದ. ಆದರೆ ಪ್ರತಿಯೊಂದಕ್ಕೂ ನೂರು ಗಂಟೆಯ ಮ್ಯಾಪ್, ಬೆವರಿನ ಹನಿ ಕಾಣುವ ಮುಖ ಬೇಕು ಅಂತ ತೀರ್ಮಾನ ಮಾಡಿದ್ದು ಕಂಪನಿ, ನೀವಲ್ಲ. ಅದಕ್ಕೇ ಆ ಖರ್ಚು ಅವರದು ಅನ್ನುತ್ತೇನೆ.

ಪ್ರಶ್ನೆ (ಇನ್ನೊಬ್ಬರು): ಮೈಕ್ರೋಸಾಫ್ಟಿಗೆ ತಿಂಗಳ ಚಂದಾ ಕಟ್ಟಿ ಗೇಮ್ ಆಡುವ ಗೇಮ್ ಪಾಸ್ ಅಲ್ಟಿಮೇಟ್ 2025ರಲ್ಲಿ ತಿಂಗಳಿಗೆ 20ರಿಂದ 30 ಡಾಲರ್ ಆಯಿತು. ಇದು?

ಉತ್ತರ: ಇದನ್ನು ನಾನು ಸಮರ್ಥಿಸುವುದಿಲ್ಲ. ಒಂದೇ ಏಟಿಗೆ ಅರ್ಧದಷ್ಟು ಜಾಸ್ತಿ ಮಾಡಿದರು, ವರ್ಷಕ್ಕೆ 360 ಡಾಲರ್ ಆಯಿತು. ವರ್ಷಕ್ಕೆ ಮೂರು ನಾಲ್ಕು ಗೇಮ್ ಆಡುವವರು ಕೊಂಡುಕೊಳ್ಳುವುದೇ ವಾಸಿ.

ಪ್ರಶ್ನೆ (ಮೊದಲು ಕೇಳಿದವರು): ಇಷ್ಟೆಲ್ಲ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಕೊನೆಯದಾಗಿ ಒಂದು. ನಾನು ಇನ್ನೂ ಕಾಯಬೇಕಾ, ಈಗಲೇ ತೆಗೆದುಕೊಳ್ಳಬೇಕಾ? ಮಗಳ ಪರೀಕ್ಷೆ ಮುಗಿದ ಮೇಲೆ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಉತ್ತರ: ಕನ್ಸೋಲ್‌ಗೆ ಕಾಯಬೇಡಿ, ಗೇಮ್‌ಗೆ ಕಾಯಿರಿ. ಮೆಮೊರಿ ಬೆಲೆ ಹೀಗಿರುವಾಗ ಕನ್ಸೋಲ್ ಇಳಿಯುತ್ತದೆ ಅಂತ ನಾನು ನಂಬಿಕೊಂಡು ಕೂರುವುದಿಲ್ಲ. ಗೇಮ್ ಹಾಗಲ್ಲ, ಹೆಚ್ಚಿನವು ಆರು ತಿಂಗಳು, ಒಂದು ವರ್ಷಕ್ಕೆ ಚೆನ್ನಾಗಿ ಇಳಿಯುತ್ತವೆ, ಆ ಹೊತ್ತಿಗೆ ಬಗ್‌ಗಳೂ ಸರಿಹೋಗಿರುತ್ತವೆ. ನಿಂಟೆಂಡೊ ತಾನೇ ಮಾಡಿದ ಗೇಮ್‌ಗಳು ಮಾತ್ರ ಸುಲಭಕ್ಕೆ ಇಳಿಯುವುದಿಲ್ಲ.

ಆದಷ್ಟೂ ಡಿಸ್ಕ್ ಹಾಕುವ ಮಾಡೆಲ್ ತೆಗೆದುಕೊಳ್ಳಿ. ಪ್ಲೇಸ್ಟೇಷನ್ 4ರ ಹೆಚ್ಚುಕಡಿಮೆ ಎಲ್ಲಾ ಗೇಮ್ 5ರಲ್ಲಿ ನಡೆಯುತ್ತವೆ, ಹಳೇ ಡಿಸ್ಕ್‌ಗಳು ತುಂಬಾ ಅಗ್ಗಕ್ಕೆ ಸಿಗುತ್ತವೆ, ಮಗಳಿಗೆ ಒಂದು ವರ್ಷಕ್ಕೆ ಆಗುವಷ್ಟು ಅದರಲ್ಲೇ ಇದೆ. ಸ್ವಿಚ್ 2 ನೋಡುತ್ತಿದ್ದರೆ ಡಬ್ಬದ ಮೇಲೆ ಗೇಮ್ ಕೀ ಕಾರ್ಡ್ ಅಂತ ಬರೆದಿದೆಯಾ ನೋಡಿ. ಅದರೊಳಗೆ ಗೇಮ್ ಇರುವುದಿಲ್ಲ, ಡೌನ್‌ಲೋಡ್ ಮಾಡಬೇಕು, ಆದರೆ ಆ ಕಾರ್ಡನ್ನು ಆಮೇಲೆ ಬೇರೆಯವರಿಗೆ ಮಾರಬಹುದು.

ಸೆಕೆಂಡ್ ಹ್ಯಾಂಡ್ ಕನ್ಸೋಲ್ ಆದರೂ ತೊಂದರೆ ಇಲ್ಲ. ಹೋದಾಗ ಅರ್ಧ ಗಂಟೆ ಅಲ್ಲೇ ಆಡಿ ನೋಡಿ. ಫ್ಯಾನ್ ಸದ್ದು ಕೇಳಿಸಿಕೊಳ್ಳಿ. ಡಿಸ್ಕ್ ಹಾಕಿ, ತೆಗೆಯಿರಿ. ಕಂಟ್ರೋಲರ್ ಸ್ಟಿಕ್ ಮುಟ್ಟದೆ ಸುಮ್ನೆ ಇಡಿ, ಪಾತ್ರ ತಾನಾಗೇ ನಡೆಯಲು ಶುರುಮಾಡಿದರೆ ಹೊಸ ಕಂಟ್ರೋಲರ್‌ನ ದುಡ್ಡು ಕಡಿಮೆ ಮಾಡಿಸಿಕೊಳ್ಳಿ.