ರಾಮರಾಜ್ಯದಾಗ ಪಿಡಿಒ ಯಾರು?

“ಧರ್ಮದ ರಾಜ್ಯ ಬಂತಂದ್ರ ಎಲ್ಲಾ ಸರಿ ಆಗತೈತಿ ಕಾಕಾ,” ಅಂದ ಬಸ್ಯಾ. ಬೆಳಿಗ್ಗೆ ಅಂವ ಹಾಕಿದ್ದ ಸ್ಟೇಟಸ್ಸಿನಾಗ ಬಿಲ್ಲು ಹಿಡಿದ ರಾಮ, ಹಿಂದ ಬಂಗಾರದ ಮುಗಿಲು, ಕೆಳಗ ಮೂಲ್ಯಾಗ ಕೂಲಿಂಗ್ ಗ್ಲಾಸ್ ಹಾಕಿದ ಬಸ್ಯಾ.

“ಬರಲಿ. ಪಿಡಿಒ, ಅಂದ್ರ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಯಾರು?” ಅಂದ ಕಾಕಾ.

“ಎಲ್ಲಿ ಪಿಡಿಒ?”

“ರಾಮರಾಜ್ಯದಾಗೋ. ಮ್ಯಾಲೆ ರಾಮ ಅದಾನ, ಖರೆ. ಕೆಳಗ ಗಟಾರದ ಬಿಲ್ಲಿಗೆ ಸಹಿ ಮಾಡಾಂವ ಯಾರು?”

ಮಾಸ್ತರ ಬಸಿಯೊಳಗಿನ ಚಹಾ ಊದೂದು ನಿಲ್ಲಿಸಿ ನಕ್ಕರು. “ರಾಮಾಯಣದಾಗ ಪಿಡಿಒ ಹುಡುಕಾಕ ಹೊಂಟೀರಿ?”

“ಸಿಕ್ಕಾನ್ರಿ ಮಾಸ್ತರ. ಭರತ. ಸಿಂಹಾಸನದ ಮ್ಯಾಲೆ ಪಾದುಕಾ, ಅವು ಅಧ್ಯಕ್ಷರು. ಭರತ ನಂದಿಗ್ರಾಮದಾಗ ಕುಂತು 14 ವರ್ಷ ಇನ್‌ಚಾರ್ಜ್ ನೋಡಿದ. ಅಣ್ಣ ತಿರುಗಿ ಬಂದಾಗ ಬರೇ ಅತ್ತು ಅಪ್ಪಿಕೊಂಡು ಬಿಡಲಿಲ್ಲ, ಚಾರ್ಜ್ ಕೊಟ್ಟ. ಭಂಡಾರ ನೋಡಿಕೋ, ಕಣಜ ನೋಡಿಕೋ, ಪಟ್ಟಣ ನೋಡಿಕೋ, ದಂಡು ನೋಡಿಕೋ, ಎಲ್ಲಾ ಹತ್ತು ಪಟ್ಟು ಮಾಡೀನಿ ಅಂದ. ವಾಲ್ಮೀಕಿನ ಬರದಾನ. ಈಗ ಒಬ್ಬರು ವರ್ಗ ಆಗಿ ಹೋದ್ರ ಕಪಾಟಿನ ಕೀಲಿ ಹುಡುಕೂದರಾಗ ಎರಡು ತಿಂಗಳು ಹೋಗತಾವ. ನಿನ್ನ ಸ್ಟೇಟಸ್ಸಿನಾಗ ಭರತ ಎಲ್ಲಿ ಅದಾನಲೇ?”

ಬಸ್ಯಾ ಮೊಬೈಲು ಬೋರಲು ಹಾಕಿದ.

ರಾಜೇಸಾಬ ಬೀಡಿ ಆರಿಸಿ ಮುಂದ ಸರಿದ. “ನಮ್ಮಲ್ಲಿ ಉಮರ್ ಬಿನ್ ಅಬ್ದುಲ್ ಅಜೀಜ್ ಅಂತ ಖಲೀಫಾ ಇದ್ರು ನೋಡು ಕಾಕಾ. ರಾತ್ರಿ ರಾಜ್ಯದ ಕಾಗದ ನೋಡಾಕ ಒಂದು ದೀಪ. ಬಂದಾಂವ ಮನಿಮಂದಿ ಸುದ್ದಿ ತಗದ ಅಂದ್ರ ಅದನ್ನ ಆರಿಸಿ, ಸ್ವಂತ ಎಣ್ಣಿ ದೀಪ ಹಚ್ಚತಿದ್ರು ಅಂತಾರ. ಮೊದಲಿನ ದೀಪಕ್ಕ ಬೈತುಲ್ ಮಾಲ್ ಎಣ್ಣಿ, ಅಂದ್ರ ರಾಜ್ಯದ ಖಜಾನಿದು, ಮಂದಿ ಎಣ್ಣಿ.”

“ಶಾಭಾಸ್. ಖಲೀಫಾನೂ ಅವನ, ಪಿಡಿಒನೂ ಅವನ. ಎಷ್ಟು ವರ್ಷ ಆಳಿದ?”

“717ರಿಂದ 720. ಪೂರಾ ಮೂರು ವರ್ಷ ತುಂಬಲಿಲ್ಲ.”

“ಎಣ್ಣಿ ಲೆಕ್ಕ ಇಟ್ಟಾವರು ಬಾಳ ದಿನ ಇರಂಗಿಲ್ಲ ಬಿಡು,” ಅಂದ ಕಾಕಾ. ಒಂದು ಗಳಿಗಿ ಯಾರೂ ಮಾತಾಡಲಿಲ್ಲ. ಸ್ಟೋ ಸದ್ದಷ್ಟ.

ಮಾಸ್ತರಿಗೆ ಬೈಬಲ್ಲೂ ಬಾಯಿಪಾಠ. ನಮಗೂ ರಾಜ ಬೇಕು ಅಂತ ಹಠ ಹಿಡದ ಮಂದಿಗೆ ಪ್ರವಾದಿ ಸಮುವೇಲ ಮೊದಲ ಹೇಳಿದ್ದನಂತ: ನಿಮ್ಮ ಮಕ್ಕಳನ್ನ ರಥದ ಮುಂದ ಓಡಸತಾನ, ಬೆಳಿಯಾಗ ಹತ್ತನೇ ಪಾಲು ಒಯ್ದು ತನ್ನ ಅಧಿಕಾರಿಗಳಿಗೆ ಕೊಡತಾನ, ಆಮ್ಯಾಲೆ ನೀವು ಒದರಿದ್ರ ದೇವರು ಕೇಳಂಗಿಲ್ಲ.

“ಸಮುವೇಲ ಪಂಚಾಯತಿ ಕಂಡಾಂವ,” ಅಂದ ಕಾಕಾ.

“ಅದೆಲ್ಲಾ ದೂರಿಂದು ಬಿಡ್ರಿ. ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲೇ ಐತಿ. ಅವರ ಅನುಭವ ಮಂಟಪ ಜಗತ್ತಿನ ಮೊದಲ ಪಾರ್ಲಿಮೆಂಟು ಅಂತಾರ...” ಅಂದರು ಮಾಸ್ತರ.

“ಪಾರ್ಲಿಮೆಂಟು ಅಂದ್ರ ಹೊಗಳಿದಂಗಾತು ಅಂತ ತಿಳದೀರೇನ್ರಿ? ಅಲ್ಲಮ ಕುಂತದ್ದು ಶೂನ್ಯ ಸಿಂಹಾಸನ. ಈಗಿನವರು ಶೂನ್ಯ ಬಿಟ್ಟು ಸಿಂಹಾಸನ ಹಿಡದಾರ. ಅದಿರಲಿ, ಬಸವಣ್ಣ ಯಾರು? ಬಿಜ್ಜಳನ ಭಂಡಾರಿ! ಭಂಡಾರ ಬರಿದು ಮಾಡಿ ಜಂಗಮರಿಗೆ ಹಂಚ್ಯಾನ ಅಂತ ಚಾಡಿ ಹೇಳಿದ್ರು. ಎಣಿಸಿ ನೋಡಿದ್ರ ಕಮ್ಮಿ ಇರಲಿಲ್ಲ ಅಂತೈತಿ ಪುರಾಣ. ಆಡಿಟರ್ ಯಾರು ಗೊತ್ತೇನು? ಆಯ್ದಕ್ಕಿ ಲಕ್ಕಮ್ಮ. ಗಂಡ ದಿನಕ್ಕಿಂತ ಹೆಚ್ಚಿಗಿ ಅಕ್ಕಿ ತಂದದ್ದಕ್ಕ, ಸುರುವಿ ಬಾ ಹೋಗು ಅಂತ ವಾಪಸ್ ಕಳಿಸಿದಾಕಿ. ಕಮ್ಮಿ ಬಂದಾಗ ಜಗಳ ತಗಿಯಾವ್ರು ಊರ ತುಂಬ ಅದಾರ. ಹೆಚ್ಚಿಗಿ ಬಂದಾಗ ಕೇಳಾವ್ರನ್ನ ತೋರಿಸ್ರಿ.”

ಬಸ್ಯಾ ಮೆಲ್ಲಕ ಎದ್ದ.

“ಕುಂಡ್ರಲೇ. ಜಾತ್ರಿ ಪಟ್ಟಿ ರಸೀದಿ ಪುಸ್ತಕ ನಿನ್ನ ಕಡೆ ಎಷ್ಟು ಅದಾವ?”

“ಎರಡು... ಒಂದು ಮಾವನ ಮಗ ಒಯ್ದಾನ.”

“ನಂಬರ್ ಬರದು, ಸಹಿ ತಗೊಂಡು ಕೊಟ್ಟಿಯೇನು?”

“ಮನಿ ಹುಡುಗ ಕಾಕಾ.”

“ಎಡವೂದು ಇಲ್ಲೇ ನೋಡ್ರಿ. ಕಾರ್ಬನ್ ಸರಿಯಾಗಿ ಇಡಂಗಿಲ್ಲ. ಕೊಟ್ಟಾವನ ಕೈಯಾಗ 501, ಪುಸ್ತಕದಾಗಿನ ಪ್ರತಿ ಮಸಕು, ಆಮ್ಯಾಲೆ ಅದರ ಮ್ಯಾಲೆ ಪೆನ್ನು ಆಡಿಸಿ 101 ಮಾಡತಾರ. ತಪ್ಪಿದ ರಸೀದಿ ಹರದು ಒಗಿಯೂದಲ್ಲ, ಎರಡೂ ಪ್ರತಿಗೆ ಅಡ್ಡಗೆರಿ ಹೊಡದು ಪುಸ್ತಕದಾಗ ಪಿನ್ ಹಚ್ಚಿ ಇಡಬೇಕು. ಉಳದ ಖಾಲಿ ಹಾಳಿ ಎಣಿಸಿ ವಾಪಸ್ ತಗೋಬೇಕು. ಬಂದ ರೊಕ್ಕ ಮರುದಿನ ಬ್ಯಾಂಕಿಗೆ ಹಾಕಬೇಕು, ತಗಿಯಾಕ ಇಬ್ಬರ ಸಹಿ, ಆ ಇಬ್ಬರೂ ಒಂದ ಮನಿಯವರು ಇರಬಾರದು. ಇಷ್ಟು ಮಾಡು, ನಾಳೆ ಬೆಳಿಗ್ಗೆ ಧರ್ಮರಾಜ್ಯ ತರತೀನಿ. ಒಂದು ಪುಸ್ತಕ ಸಂಭಾಳಿಸಾಕ ಆಗದವರು ಅಯೋಧ್ಯಾ ಸಂಭಾಳಸತಾರಂತ.”

ಅಷ್ಟೊತ್ತಿಗೆ ವಾಟರ್‌ಮನ್ ಹುಡುಗ ಬಗಲಾಗ ಉದ್ದನೆ ರಿಜಿಸ್ಟರ್ ಹಿಡಕೊಂಡು ಬಂದ. “ಗ್ರಾಮಸಭಾ ಹಾಜರಿ, ಸಹಿ ಮಾಡ್ರಿ. ಕೋರಂ ತುಂಬವಲ್ದು.”

“ಸಭಾ ಯಾವಾಗ?”

“ಮೊನ್ನೆ ಆತಲ್ಲರಿ.”

“ನೂರು ಮಂದಿ, ಇಲ್ಲಾ ಮತದಾರರ ಹತ್ತನೇ ಒಂದು ಪಾಲು, ಯಾವುದು ಕಮ್ಮಿ ಅದು,” ಮಾಸ್ತರ ಕನ್ನಡಕ ಏರಿಸಿ ಕಾಯ್ದೆ ಹೇಳಿದರು. “ಅದರಾಗ ನೂರಕ್ಕ 30 ಹೆಣ್ಣಮಕ್ಕಳು ಇರಬೇಕು.” ಹೇಳಿಕೋತ ಸಹಿ ಹೊಡದರು. ರಾಜೇಸಾಬನೂ ಹೊಡದ. ಬಸ್ಯಾ ಎರಡು ಹೊಡದ, ಒಂದು ಅವರಪ್ಪಂದು.

ಪೆನ್ನು ಕಾಕಾನ ಕೈಗೆ ಬಂತು. ಕಾಕಾ ಮುಚ್ಚಳ ತಗದ, ಮತ್ತ ಹಾಕಿದ, ಮತ್ತ ತಗದ.

ಚಹಾ ಸೋಸೂ ಅರಬಿ ಹಿಂಡುತ್ತಿದ್ದ ಶಾಂತವ್ವ ಹೊರಗ ಬಂದಳು. “ಯಪ್ಪಾ, ಹೆಣ್ಣಮಕ್ಕಳು ಬೇಕಂದ್ರಲ್ಲ, ನಂದು ಬ್ಯಾಡೇನು?”

“ನಿಂದು ಆಗೇತಿ ಬಿಡವ್ವ.” ಹುಡುಗ ಹಿಂದಿನ ಹಾಳಿ ತಿರುವಿ ಬೆರಳಿಟ್ಟು ತೋರಿಸಿದ.

ಶಾಂತವ್ವ ಕೈ ಸೆರಗಿಗೆ ಒರಸಿಕೊಂಡು, ಬಗ್ಗಿ, ಬಾಳೊತ್ತು ನೋಡಿದಳು.

“ಭಾರಿ ಛಂದ ಬರದೀನಿ,” ಅಂದಳು. “ನಾ ಹೆಬ್ಬಟ್ಟು ಒತ್ತಾಕಿ.”