ಪದಚರ್ಚೆ: 'ಚಾರ್ಟ್ ರಿಟರ್ನ್ ಶಾಪ್'ಗೆ 'ಲೆಕ್ಕದಂಗಡಿ' ಅನ್ನಬಹುದೇ?

ಗೆಳೆಯರೇ,

ಬ್ರಿಟನ್ನಿನ ಹಳೆಯ ಹಾಡುಪಟ್ಟಿಗಳ (ವಾರದ ಮಾರಾಟ ನೋಡಿ ಹಾಡುಗಳಿಗೆ ಸ್ಥಾನ ಕೊಡುವ 'ಚಾರ್ಟ್'ಗಳ) ಬಗ್ಗೆ ಬರೆಯುತ್ತಾ ಒಂದು ಪದದ ಹತ್ತಿರ ಎರಡು ದಿನದಿಂದ ನಿಂತುಬಿಟ್ಟಿದ್ದೇನೆ: 'ಚಾರ್ಟ್ ರಿಟರ್ನ್ ಶಾಪ್'. ನಮಗೆ ರಿಟರ್ನ್ ಅಂದ್ರೆ ಕೊಂಡ ಸಾಮಾನು ವಾಪಸ್ ಕೊಡೋದು, ಇಲ್ಲಾ ತೆರಿಗೆಯ ರಿಟರ್ನ್. ಇಲ್ಲಿ ಅದು ವಾರದಲ್ಲಿ ಯಾವ ಪ್ಲೇಟು (ಹಾಡಿನ ರೆಕಾರ್ಡು) ಎಷ್ಟು ಹೋಯಿತು ಅಂತ ಪಟ್ಟಿ ಮಾಡುವವರಿಗೆ ಲೆಕ್ಕ ಒಪ್ಪಿಸುವ ಅಂಗಡಿ.

1952ರ ನವೆಂಬರಿನಲ್ಲಿ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಬರೆದುಕೊಂಡು ಅಲ್ಲಿನ ಮೊದಲ ಪಟ್ಟಿ ಮಾಡಿದರು. 1969ರ ಹೊತ್ತಿಗೆ ಸುಮಾರು 250 ಅಂಗಡಿಗಳು. ಮಾರಿದ ಪ್ಲೇಟುಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಂಡು, ಶನಿವಾರ ಬಾಗಿಲು ಹಾಕುವವರೆಗಿನ ಲೆಕ್ಕವನ್ನು ಅಂಚೆಗೆ ಹಾಕಬೇಕಿತ್ತು. ಆ 250ನ್ನು ಆರಿಸಿದ್ದು ಸುಮಾರು 6,000 ಅಂಗಡಿಗಳಿಂದ. ಅಂದ್ರೆ ಒಂದು ಅಂಗಡಿ 24 ಅಂಗಡಿಗಳ ಪರವಾಗಿ ಮಾತಾಡಿದ ಹಾಗೆ. ಮೂಲೆಯ ಸಣ್ಣ ಅಂಗಡಿಯಲ್ಲಿ ಹತ್ತು ಪ್ಲೇಟು ಜಾಸ್ತಿ ಹೋದರೂ ಹಾಡು ಮೇಲೇರಬಹುದು! ಅದಕ್ಕೇ ಕೆಲವು ಪ್ಲೇಟು ಕಂಪನಿಗಳವರು ಇಂಥ ಅಂಗಡಿ ಎಲ್ಲಿದೆ ಅಂತ ಪತ್ತೆ ಹಚ್ಚಿ, ಜನರನ್ನು ಕಳಿಸಿ ತಮ್ಮ ಪ್ಲೇಟನ್ನು ತಾವೇ ಕೊಳ್ಳಿಸುತ್ತಿದ್ದರು.

'ಮಾದರಿ ಅಂಗಡಿ' ಅಂದರೆ ಎಲ್ಲರೂ ಅನುಸರಿಸಬೇಕಾದ ಒಳ್ಳೇ ಅಂಗಡಿ ಅನ್ನಿಸುತ್ತದೆ. 'ವರದಿ ಅಂಗಡಿ'ಯಲ್ಲಿ ಪತ್ರಿಕೆಯ ವಾಸನೆ. ನನಗೆ ಹಿಡಿಸಿದ್ದು 'ಲೆಕ್ಕದಂಗಡಿ'. ಲೆಕ್ಕ ಕೊಡುವ ಅಂಗಡಿಯೂ ಅದೇ, ಲೆಕ್ಕಕ್ಕೆ ಬರುವ ಅಂಗಡಿಯೂ ಅದೇ. ಉಳಿದವು ದಿನವಿಡೀ ಮಾರಿದರೂ 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಒಂದೇ ತೊಡಕು: ಬಟ್ಟೆಯಂಗಡಿಯಲ್ಲಿ ಬಟ್ಟೆ ಸಿಗುತ್ತದೆ, ಲೆಕ್ಕದಂಗಡಿಯಲ್ಲಿ ಏನು ಸಿಗುತ್ತದೆ ಅಂತ ಓದುವವರು ಕೇಳಿದರೆ? ಮೊದಲ ಸಲ 'ಲೆಕ್ಕ ಒಪ್ಪಿಸುವ ಅಂಗಡಿ' ಅಂತ ಬಿಡಿಸಿ ಬರೆದು, ಆಮೇಲೆ ಚಿಕ್ಕದು ಮಾಡಿದರೆ ಸಾಕಲ್ವಾ?

ಇನ್ನೊಂದು, 'ಹೈಪಿಂಗ್'. ಮೇಲೆ ಹೇಳಿದ ಕಳ್ಳಖರೀದಿಗೆ ಅಲ್ಲಿ ಹೇಳುತ್ತಿದ್ದ ಮಾತು ಇದು. 'ಉಬ್ಬಿಸುವುದು' ಸರಿಹೋಗಲ್ಲ, ಅದು ಮನುಷ್ಯರನ್ನು ಹೊಗಳಿ ಅಟ್ಟಕ್ಕೇರಿಸೋದು. ಸುಮ್ನೆ 'ಕಳ್ಳ ಏರಿಕೆ' ಅಂದರೆ ಹೇಗೆ?

ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ ಮಾಡಿದವರು ನಮ್ಮ ನಡುವೆ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. 'ಇದು ಚೆನ್ನಾಗಿ ಹೋಗ್ತಿದೆ', 'ಓಡ್ತಿದೆ' ಅನ್ನೋದು ನನಗೂ ಗೊತ್ತು. ಸರಕು ಹಾಕುವವರಿಗೆ ವಾರದ ಮಾರಾಟ ಹೇಳುವುದಕ್ಕೆ ನೀವು ಏನಂತಿದ್ರಿ?